ಎರಡನೇ ಸಾಲು ಏನು?

ನಿನ್ನೆ ಹೈಸ್ಕೂಲ್ ಗೆಳೆಯರು ನಾಲ್ಕು ಜನ ದಾವಣಗೆರೆಯಲ್ಲಿ ಸಿಕ್ಕಿದ್ದೆವು. ನಾವು ಓದುವಾಗ ಇದಿನ್ನೂ ಚಿತ್ರದುರ್ಗ ಜಿಲ್ಲೆ. ಬೇರೆಯಾಗಿದ್ದು 1997ರಲ್ಲಿ.

ಬೆಣ್ಣೆ ದೋಸೆ ಬಂತು. ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಸೌದೆ ಒಲೆ, ಮೇಲೊಂದು ಮುದ್ದೆ ಬಿಳಿ ಬೆಣ್ಣೆ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಬೆಂಗಳೂರಲ್ಲಿ ಈ ಹೆಸರಲ್ಲಿ ಕೊಡೋದು ಬೇರೇನೋ ಬಿಡಿ. ‘ಮಿರ್ಚಿ ಮಂಡಕ್ಕಿ ತಿನ್ನದೆ ಏಳಲ್ಲ ಕಣಲೇ’ ಅಂದ ಒಬ್ಬ, ಬಿಪಿ ಮಾತ್ರೆ ನುಂಗುತ್ತಲೇ!

ಆಮೇಲೆ ಭದ್ರಾವತಿ ಆಕಾಶವಾಣಿಯ ಚಿತ್ರಗೀತೆ, ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ ಕ್ಯಾಸೆಟ್ಟು. ಹಂಸಲೇಖರ ಹಾಡೊಂದು ಗುನುಗಿದೆ. ಎರಡನೇ ಸಾಲು ಯಾರಿಗೂ ನೆನಪಿಲ್ಲ. ಮೊಬೈಲ್ ತೆಗೆದವನ ಕೈ ಹಿಡಿದು ಸುಮ್ನೆ ಕೂರಿಸಿದೆವು.

ರಾತ್ರಿ ಹನ್ನೊಂದಕ್ಕೆ ಅವನೇ ಫೋನ್ ಮಾಡಿ ಪೂರ್ತಿ ಹಾಡಿದ.