ಗ್ಲೈಕೋಜನ್ ಪಾಠ: ಮೊದಲ ಗ್ಲೂಕೋಸ್‌ನಿಂದಲೇ ಶುರು ಮಾಡಿ

ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ಬಯೋಕೆಮಿಸ್ಟ್ರಿ ಕಲಿಸುತ್ತೇನೆ. ಗ್ಲೈಕೋಜನ್ (ದೇಹ ಗ್ಲೂಕೋಸ್‌ಗಳನ್ನು ಸರಪಳಿಯಾಗಿ ಪೋಣಿಸಿ ಕೂಡಿಡುವ ರೂಪ) ಪಾಠ ಬಂತು ಅಂದರೆ ಎಲ್ಲರೂ ಅದನ್ನು ಬೆಳೆಸುವ ಎಂಜೈಮ್ ಗ್ಲೈಕೋಜನ್ ಸಿಂಥೇಸ್ ಹಿಂದೆ ಬೀಳುತ್ತಾರೆ. ಇನ್ಸುಲಿನ್ ಬಂದರೆ ಅದು ಚುರುಕು, ಅಡ್ರಿನಾಲಿನ್ ಬಂದರೆ ಮಂಕು. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಸಿಂಥೇಸ್‌ಗೆ ಬರುವುದು ಒಂದೇ ಕೆಲಸ, ಮೊದಲೇ ಇರುವ ಸರಪಳಿಯ ತುದಿಗೆ ಗ್ಲೂಕೋಸ್ ಸೇರಿಸುತ್ತಾ ಹೋಗುವುದು. ಏನೂ ಇಲ್ಲದ ಕಡೆ ಅದು ಕೈಕಟ್ಟಿ ಕೂರುತ್ತದೆ.

ಇದನ್ನು ಹೇಳಿದಾಗ ಬೆಟಗೇರಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ನಮ್ಮನ್ಯಾಗ ಹಾಸು ಮುಗೀತಂದ್ರ ಹಳೇ ಎಳಿಗೆ ಹೊಸಾ ಎಳಿ ಜೋಡಸ್ತಾರ್ರಿ ಮೇಡಂ. ಹೊಸಾ ಮಗ್ಗಕ್ಕ ಹಳೇ ಎಳಿ ಎಲ್ಲಿಂದ ಬರ್ತೈತ್ರಿ?"

ಎಂಥ ಪ್ರಶ್ನೆ! ವಿಜ್ಞಾನಿಗಳನ್ನು ಬಹಳ ಕಾಲ ಕಾಡಿದ್ದೂ ಇದೇ. ಯುಡಿಪಿ-ಗ್ಲೂಕೋಸ್‌ನಿಂದ (ಸರಪಳಿಗೆ ಸೇರಲು ಸಿದ್ಧವಾದ ರೂಪದ ಗ್ಲೂಕೋಸ್) ಗ್ಲೈಕೋಜನ್ ಬೆಳೆಯುತ್ತದೆ ಅಂತ ಲೂಯಿಸ್ ಲೆಲುವಾರ್ ಮತ್ತು ಕಾರ್ಡಿನಿ 1957ರಲ್ಲೇ ತೋರಿಸಿದ್ದರು. ಶುರು ಹೇಗೆ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು 1980ರ ದಶಕದಲ್ಲಿ, ಮೊಲದ ಸ್ನಾಯುವಿನಲ್ಲಿ. ಆ ಪ್ರೋಟೀನಿನ ಹೆಸರು ಗ್ಲೈಕೋಜೆನಿನ್.

ಎಂಜೈಮೂ ಅದೇ, ಸರಪಳಿಯ ಬುನಾದಿಯೂ ಅದೇ. ಯುಡಿಪಿ-ಗ್ಲೂಕೋಸ್‌ನಿಂದ ಒಂದು ಗ್ಲೂಕೋಸ್ ತೆಗೆದು ತನ್ನದೇ ಮೈಮೇಲಿನ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸಿಕೊಳ್ಳುತ್ತದೆ. ಸ್ನಾಯುವಿನಲ್ಲಿ ಅದು 195ನೇ ಜಾಗದ ಟೈರೋಸಿನ್. ಮ್ಯಾಂಗನೀಸ್ ಬೇಕೇ ಬೇಕು. ಹೀಗೆ ಎಂಟು-ಹತ್ತು ಗ್ಲೂಕೋಸ್ ಆದಮೇಲೆ ಸಿಂಥೇಸ್ ಕೆಲಸ ಹಿಡಿಯುತ್ತದೆ, ಬ್ರಾಂಚಿಂಗ್ ಎಂಜೈಮ್ ಕೊಂಬೆ ಹಾಕುತ್ತದೆ. ಪೂರ್ತಿ ಬೆಳೆದ ಒಂದು ಕಣದಲ್ಲಿ ಸುಮಾರು 55,000 ಗ್ಲೂಕೋಸ್ ಇರಬಹುದು ಅನ್ನುತ್ತದೆ ಲೆಕ್ಕ.

ಈಗ ಪ್ರಾಕ್ಟಿಕಲ್ ಅನ್ನೂ ಇದಕ್ಕೇ ಜೋಡಿಸಿದ್ದೇನೆ. ಮೂರು ಟೆಸ್ಟ್ ಟ್ಯೂಬ್, ಒಂದೊಂದಕ್ಕೂ ಒಂದೆರಡು ಹನಿ ಅಯೋಡಿನ್. ಪಿಷ್ಟ ಕಡು ನೀಲಿಯಾಗುತ್ತದೆ. ಗ್ಲೈಕೋಜನ್ ಕೆಂಪು ಮಿಶ್ರಿತ ಕಂದು. ಗ್ಲೂಕೋಸ್‌ನಲ್ಲಿ ಅಯೋಡಿನ್‌ನದೇ ಹಳದಿ, ಅಷ್ಟೇ. ಬಿಸಿ ಮಾಡಿದರೆ ಮೊದಲೆರಡರ ಬಣ್ಣ ಹೋಗುತ್ತದೆ, ಆರಿದರೆ ಮರಳಿ ಬರುತ್ತದೆ. ಆಮೇಲೆ ಕೇಳುತ್ತೇನೆ: ಗ್ಲೈಕೋಜೆನಿನ್ ಕಟ್ಟಿದ ಎಂಟರ ಸರಪಳಿಗೆ ಅಯೋಡಿನ್ ಹಾಕಿದರೆ? ಬಣ್ಣ ಬರುವುದಿಲ್ಲ. ಸುರುಳಿಯೊಳಗೆ ಅಯೋಡಿನ್ ಕೂತರೆ ಮಾತ್ರ ಬಣ್ಣ. ಅಷ್ಟು ಗಿಡ್ಡ ಸರಪಳಿಯಲ್ಲಿ ಅದಕ್ಕೆ ಬೇಕಾದಷ್ಟು ಸುರುಳಿಯೇ ಇರುವುದಿಲ್ಲ. ಈ ಉತ್ತರಕ್ಕೆ ತಾವೇ ಬಂದವರು ವೈವಾದಲ್ಲಿ ತಡವರಿಸುವುದನ್ನು ನಾನು ಕಂಡಿಲ್ಲ.

(ಅಂಗಡಿಯ ಮಟನ್ ತಂದು ಮಾಡೋಣ ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಹೇಳುತ್ತಾರೆ, ಅಲ್ವಾ? ಕಡಿದ ಮೇಲೆ ಸ್ನಾಯುವಿನ ಗ್ಲೈಕೋಜನ್ ಬಹುಪಾಲು ಲ್ಯಾಕ್ಟಿಕ್ ಆಮ್ಲವಾಗಿ ಹೋಗಿರುತ್ತದೆ. ಪುಡಿ ತರಿಸುವುದೇ ಒಳ್ಳೆಯದು.)

ಹೊಸದಾಗಿ ಕಲಿಸುವವರಿಗೆ ಒಂದು ಮಾತು. ಕಥೆಯನ್ನು ಇಲ್ಲಿಗೇ ನಿಲ್ಲಿಸಬೇಡಿ. 2010ರಲ್ಲಿ ಒಬ್ಬ ರೋಗಿಯ ವರದಿ ಬಂತು. ಅವರ ಗ್ಲೈಕೋಜೆನಿನ್‌ಗೆ ಗ್ಲೂಕೋಸ್ ಅಂಟಿಸಿಕೊಳ್ಳಲು ಬರುತ್ತಿರಲಿಲ್ಲ, ಸ್ನಾಯುವಿನಲ್ಲಿ ಗ್ಲೈಕೋಜನ್ ಖಾಲಿಯಾಗಿತ್ತು. ಪುಸ್ತಕ ಹೇಳುವುದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ 2017ರಲ್ಲಿ ಗ್ಲೈಕೋಜೆನಿನ್ ಪೂರ್ತಿ ತೆಗೆದ ಇಲಿಗಳ ಸ್ನಾಯುವಿನಲ್ಲಿ ಗ್ಲೈಕೋಜನ್ ಮಾಮೂಲಿಗಿಂತ ಜಾಸ್ತಿಯೇ ಇತ್ತು! ಅಂದರೆ ಅದಿಲ್ಲದೆಯೂ ಶುರುವಾಗುವ ದಾರಿ ಇದೆ. ಇವೆರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಉಳಿದ ಅರ್ಧ ಗಂಟೆ ಮಕ್ಕಳನ್ನು ವಾದ ಮಾಡಲು ಬಿಡುತ್ತೇನೆ.