ಕಟ್ಟೆ ಮೇಲಿನ ಎರಡು ದನಿ

ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿಗೆ ಕೂತ ಇಬ್ಬರ ಮಾತನ್ನ ಕಾಲುಗಂಟೆ ಕೇಳಿ. ಸಾಲ, ಸಂಬಂಧ, ಮಳೆ, ಮತ್ತೆ ಸಾಲ. ಅಮೆರಿಕದ ‘ಲಮ್ ಅಂಡ್ ಆಬ್ನರ್’ ರೇಡಿಯೊ ನಗೆನಾಟಕ 1931ರಲ್ಲಿ ಶುರುವಾಗಿದ್ದೂ ಹೆಚ್ಚುಕಮ್ಮಿ ಇದೇ ಬಂಡವಾಳದಲ್ಲಿ. ಹಳ್ಳಿಯಲ್ಲೊಂದು ಅಂಗಡಿ, ವ್ಯಾಪಾರ ಗೊತ್ತಿಲ್ಲದ ಇಬ್ಬರು ಗೆಳೆಯರು. ಊರಿನ ಹೆಚ್ಚಿನ ಪಾತ್ರಗಳಿಗೆ ನಾಟಕ ಕಟ್ಟಿದ ಚೆಸ್ಟರ್ ಲಾಕ್, ನಾರಿಸ್ ಗಾಫ್ ಇಬ್ಬರದೇ ದನಿ. 1936ರಲ್ಲಿ ವಾಟರ್ಸ್ ಅನ್ನೋ ನಿಜವಾದ ಹಳ್ಳಿಯೇ ನಾಟಕದೊಳಗಿನ ಹಳ್ಳಿ ‘ಪೈನ್ ರಿಜ್’ನ ಹೆಸರು ಇಟ್ಟುಕೊಳ್ತು!

ನಮ್ಮ ಕಟ್ಟೆನೂ ಹಾಗೇ ರೇಡಿಯೊಗೆ ತರಬಹುದು. “ಬಾರೋ ಬಸಣ್ಣ, ಛತ್ರಿ ಹೊರಗೇ ಇಡು.” ಯಾರು ಬಂದ, ಹೊರಗೆ ಮಳೆ, ಎಷ್ಟು ಸಲಿಗೆ, ಎಲ್ಲ ಇಷ್ಟರಲ್ಲೇ ಬಂತು. ಒಟ್ಟಿಗೆ ನಾಲ್ಕು ಜನ ಮಾತಾಡಿದರೆ ಕೇಳೋರಿಗೆ ಗೊಂದಲ, ಎರಡು ದನಿ ಸಾಕು. ಒಂದು ದಪ್ಪ, ಒಂದು ಕೀರಲು. ಮೈಕಿಗೆ ನೇರ ಬಾಯಿಟ್ಟರೆ ‘ಪ’, ‘ಬ’ ಅಕ್ಷರ ಪಟ್ ಅಂತ ಒಡೀತವೆ, ಸ್ವಲ್ಪ ಪಕ್ಕಕ್ಕೆ ತಿರುಗಬೇಕು. ಮಿರ್ಚಿ ಕರಿಯೋ ಸದ್ದಿಗೆ ಎಣ್ಣೆ ಯಾಕೆ? ಗರಿಗರಿ ಪ್ಲಾಸ್ಟಿಕ್ ಹಾಳೆ ಮೆಲ್ಲಗೆ ಹಿಸುಕಿ. ಮೈಕಿಗೆ ತೀರಾ ಹತ್ತಿರ ಹಿಡಿದರೆ ಮಾತ್ರ ಹಾಳೆ ಹಾಳೆಯಾಗೇ ಕೇಳುತ್ತೆ.

ಕಷ್ಟದ್ದು ಮೌನ. “ಹೋದ ತಿಂಗಳ ಬಾಕಿ ಎಲ್ಲಪ್ಪಾ?” ಅಂದಮೇಲೆ ಎರಡು ಸೆಕೆಂಡ್ ಬರೀ ಮಿರ್ಚಿ ಅಗಿಯೋ ಸದ್ದು. ಆ ಅಗಿಯೋದೂ ನಿಂತು ಇನ್ನಷ್ಟು ಎಳೆದರೆ, ಕೇಳೋನು ಎದ್ದು ಬಂದು ರೇಡಿಯೊ ತಲೆಗೊಂದು ಬಿಡ್ತಾನೆ.