ಬೆಂಗಳೂರು–ಮಂಗಳೂರು ವಿಮಾನ: ಮಳೆಗಾಲದಲ್ಲಿ ಹೊರಡುವವರಿಗೆ

ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನದಿರುವ ಬಜ್ಪೆಗೆ ಆಕಾಶಮಾರ್ಗದಲ್ಲಿ ಸುಮಾರು 300 ಕಿಲೋಮೀಟರ್. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ಜೆಟ್ ವಿಮಾನವಾದರೆ ನೆಲ ಬಿಟ್ಟು ನೆಲ ಮುಟ್ಟಲು ಮುಕ್ಕಾಲು ಗಂಟೆ ಸಾಕು. ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನವಾದರೆ ಇನ್ನೂ ಸ್ವಲ್ಪ ಹೆಚ್ಚು. ಬನಶಂಕರಿ ಕಡೆಯವರಿಗೆ ಸಂಜೆ ಹೆಬ್ಬಾಳ ದಾಟಿ ನಿಲ್ದಾಣ ಸೇರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕವನ್ನೂ ನಂಬಬೇಡಿ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು, ಎರಡೂ ತುದಿಯಲ್ಲಿ ಕಣಿವೆ. ವಿಮಾನವೊಂದು ರನ್‌ವೇ ದಾಟಿ ಕಣಿವೆಗೆ ಉರುಳಿದ 2010ರ ದುರಂತ ಯಾರಿಗೂ ಮರೆತಿಲ್ಲ. ಮೋಡ ಕವಿದು ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. ಜುಲೈನ ಒಂದು ಸಂಜೆ ನಮ್ಮ ವಿಮಾನ ಮೋಡದ ಮೇಲೆ ಸುತ್ತು ಹಾಕಿ ಬೆಂಗಳೂರಿಗೇ ಮರಳಿತು. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ಆಮೇಲೆ ನಮ್ಮನ್ನು ಹತ್ತಿಸಿದ ಬಸ್ಸಿನ ಬಗ್ಗೆ. ಹಣ ವಾಪಸ್ ಪಡೆಯಬಹುದೆಂದು ಕೌಂಟರಿನಲ್ಲಿ ಯಾರೂ ಬಾಯಿಬಿಡಲಿಲ್ಲ. "ಬಸ್ ರೆಡಿ ಇದೆ, ಬೇಗ ಹತ್ತಿ" ಎಂದು ಅವಸರಪಡಿಸಿದರು. ಏಸಿಯ ನೀರು ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಸೀಟು ಹಿಂದಕ್ಕೆ ಬಾಗುತ್ತಿರಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದ ತಾಯಿ ಸಕಲೇಶಪುರದವರೆಗೂ ಶೌಚಾಲಯಕ್ಕಾಗಿ ಬೇಡಿಕೊಳ್ಳಬೇಕಾಯಿತು. ಶಿರಾಡಿ ಘಾಟಿಯ ತಿರುವುಗಳಲ್ಲಿ ಲಾರಿಗಳ ಸಾಲು. ವಿಮಾನದ ದರ ಕೊಟ್ಟವರನ್ನು ಹೀಗೆ ಸಾಗಿಸುವುದು ಅನ್ಯಾಯ. ನಿಮಗೂ ಹೀಗಾದರೆ ವಿಮಾನ ರದ್ದಾಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ರದ್ದಾಗಿದ್ದರೆ ಹಣ ವಾಪಸೋ ಬೇರೆ ವಿಮಾನವೋ ಎಂಬ ಆಯ್ಕೆ ಪ್ರಯಾಣಿಕರದ್ದು. ಅದನ್ನು ಗಟ್ಟಿಯಾಗಿ ಕೇಳಿ.

ಬೆಳಗಿನ ಜಾವ ಬಸ್ಸು ಬಜ್ಪೆಯ ನಿಲ್ದಾಣದ ಗೇಟಿನಲ್ಲಿ ಇಳಿಸಿತು. ಆಟೋದವರು ಪೇಟೆಯ ಒಂದು ಪುಟ್ಟ ಹೋಟೆಲಿಗೆ ಕರೆದೊಯ್ದರು: ನಾಲ್ಕು ಮೇಜು, ಬಾಗಿಲ ಬಳಿಯಲ್ಲೇ ಬಾಣಲೆ. ಬಾಳೆಹಣ್ಣು ಹಿಸುಕಿ, ಮೊಸರು ಹಾಕಿ ರಾತ್ರಿಯೇ ಕಲಸಿಟ್ಟ ಮೈದಾಹಿಟ್ಟು. ಲಟ್ಟಿಸಿ ಎಣ್ಣೆಗೆ ಬಿಟ್ಟ ಬನ್ಸ್ ಮೊದಲು ತಳಕ್ಕಿಳಿದು, ಮೆಲ್ಲನೆ ಮೇಲೆದ್ದು, ಜಾಲರಿ ಸೌಟಿನಿಂದ ಒತ್ತಿದೊಡನೆ ಉಬ್ಬುತ್ತಿತ್ತು. ಮುರಿದರೆ ಒಳಗಿನಿಂದ ಹಬೆ, ಜೀರಿಗೆಯ ಘಮ. ತೆಂಗಿನಕಾಯಿ ಚಟ್ನಿಯಲ್ಲಿ ಹಸಿಮೆಣಸಿನ ಖಾರ ಜೋರಾಗಿತ್ತು, ಸಿಹಿ ಬನ್ಸಿಗೆ ಅದೇ ಸರಿಜೋಡಿ. "ಇನ್ನೊಂದು ಕೊಡುವುದಾ?" ಎಂದು ಯಜಮಾನರು ಕೇಳಿದಾಗ ಬೇಡವೆನ್ನಲಾಗಲಿಲ್ಲ. ಸಜ್ಜಿಗೆ (ಉಪ್ಪಿಟ್ಟು) ಅವಲಕ್ಕಿಯನ್ನೂ ತಿಂದು, ಕಾಫಿ ಕುಡಿದು ಕೊಟ್ಟದ್ದು ನೂರು ರೂಪಾಯಿಯೊಳಗೆ. ವಿಮಾನ ನಿಲ್ದಾಣದೊಳಗೆ ಏನನ್ನೂ ತಿನ್ನದೆ ಬಜ್ಪೆ ಪೇಟೆಗೆ ಬನ್ನಿ.

ಮಳೆಗಾಲದಲ್ಲಿ ಹೋಗಲೇಬೇಕಾದವರು ಬೆಳಗಿನ ವಿಮಾನ ಹಿಡಿಯಿರಿ. ಮರಳಿ ಬಂದರೂ ಬೇರೆ ದಾರಿ ಹುಡುಕಲು ಹಗಲು ಕೈಯಲ್ಲಿರುತ್ತದೆ. ಮದುವೆ, ಪರೀಕ್ಷೆಯಂಥ ಕೆಲಸವಿದ್ದರೆ ಹಿಂದಿನ ದಿನವೇ ತಲುಪಿ. ರಸ್ತೆ, ರೈಲುಗಳನ್ನೂ ಪೂರ್ತಿ ನೆಚ್ಚುವಂತಿಲ್ಲ. 2024ರ ಜುಲೈನಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಎರಡೂ ನಿಂತಿದ್ದವು. ಮಳೆ ಕಳೆದ ಮೇಲಾದರೆ ನನ್ನ ಮತ ಹಗಲಿನ ರೈಲಿಗೆ. ಜನಸಂದಣಿಯ ಭದ್ರತಾ ಸಾಲಿನಲ್ಲಿ ನಿಲ್ಲುವುದು ನನಗಂತೂ ಆಗದು.

ಕಟೀಲು ದೇವಸ್ಥಾನಕ್ಕೆ ಹೋಗುವವರು ಬಜ್ಪೆಯಲ್ಲಿ ಇಳಿದ ಮೇಲೆ ಮಂಗಳೂರು ಪೇಟೆಗೆ ಹೋಗುವ ಅಗತ್ಯವಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬರುವ ಖಾಸಗಿ ಬಸ್ಸುಗಳು ಬಜ್ಪೆಯ ಮೂಲಕವೇ ಕಟೀಲಿಗೆ ಹೋಗುತ್ತವೆ.